ಹಾರಿಹೋದ ಹೆಂಚು, ತಡೆದುನಿಂತ ಪರಿಹಾರ



ಬಾಳೆಯ ಗೊನೆ ಹೊರಬಿದ್ದು ಭಾರ ಏರುತ್ತಿದ್ದಂತೆ ನಾವು ತೋಟಕ್ಕೆ ಗಳ ತರುತ್ತೇವೆ, ಗಿಡಕ್ಕೆ ಆಸರೆ ಕೊಡುತ್ತೇವೆ, ಹಗ್ಗ ಬಿಗಿಯುತ್ತೇವೆ. ಗಾಳಿ ಬಂದ ಮೇಲೆ ನೋಡೋಣ ಎಂದು ಯಾರೂ ಕೂರುವುದಿಲ್ಲ. ಒಂದು ರಾತ್ರಿಯ ಗಾಳಿ ಒಂದು ವರ್ಷದ ದುಡಿಮೆಯನ್ನು ನೆಲಕ್ಕೆ ಕೆಡವಬಲ್ಲದೆಂದು ನಮ್ಮ ಹಿರಿಯರಿಗೂ ಗೊತ್ತಿತ್ತು, ನಮಗೂ ಗೊತ್ತು. ಆದರೆ ನಮ್ಮ ತಲೆಯ ಮೇಲಿನ ಮಾಡಿನ ವಿಷಯದಲ್ಲಿ ಈ ಮುಂದಾಲೋಚನೆ ನಮಗೆ ಬರುವುದಿಲ್ಲ. ವಿಮೆ ಮಾಡಿಸಿದವರೂ ಪಾಲಿಸಿಯ ಕಾಗದವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮರೆತುಬಿಡುತ್ತಾರೆ.

ಕೆಲವು ತಿಂಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲದಿಂದ ಒಂದು ಪತ್ರ ತೆಗೆದು ನನ್ನ ಮೇಜಿನ ಮೇಲಿಟ್ಟರು. ಗಾಳಿಮಳೆಗೆ ಅವರ ಮನೆಯ ಮುಂಭಾಗದ ಹೆಂಚುಗಳು ಹಾರಿಹೋಗಿದ್ದವು. ಮನೆಗೆ ವಿಮೆ ಇತ್ತು. ಪರಿಹಾರ ಕೇಳಿದಾಗ ಬಂದ ಉತ್ತರ ಆ ಪತ್ರ. ಇಂಗ್ಲಿಷಿನಲ್ಲಿದ್ದ ಅದನ್ನು ಓದಿ ಹೇಳಿದೆ: “ಮಾಡು ಹಳೆಯದಾಗಿ ಸವೆದದ್ದರಿಂದ ಹಾನಿಯಾಗಿದೆ, ಬಿರುಗಾಳಿಯಿಂದಲ್ಲ. ಆದ್ದರಿಂದ ಪರಿಹಾರ ಕೊಡಲಾಗದು ಎಂದು ಬರೆದಿದ್ದಾರೆ ಅಮ್ಮ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಗಾಳಿ ಬೀಸಿದ್ದು ಊರಿಗೆಲ್ಲ ಗೊತ್ತು ಸ್ವಾಮಿ. ಇವರಿಗೆ ಮಾತ್ರ ಯಾಕೆ ಗೊತ್ತಿಲ್ಲ?”

ಅವರ ಪ್ರಶ್ನೆಗೆ ಉತ್ತರವಾಗಿ ಈ ತಿಂಗಳ ಅಂಕಣವನ್ನು ಬರೆಯುತ್ತಿದ್ದೇನೆ. ಊರಿಗೆಲ್ಲ ಗೊತ್ತಿದ್ದರೆ ಸಾಲದು, ಕಾಗದದಲ್ಲಿಯೂ ಗೊತ್ತಾಗಬೇಕು. ಮಾಡಿನ ಪರಿಹಾರದ ಜಗಳಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಮೇಲೆ ನಿಲ್ಲುತ್ತವೆ: ಕೆಡವಿದ್ದು ಗಾಳಿಯೋ, ಹಳೆಯತನವೋ? ಇದಕ್ಕೆ ಸಾಕ್ಷಿಯನ್ನು ಗಾಳಿ ಬರುವ ಮೊದಲೇ ಕೂಡಿಸಿಡಬೇಕು.

ನಮ್ಮ ಕಣಿವೆಯ ಗಾಳಿ

ಕಂಬಂ ಕಣಿವೆ ಬೆಟ್ಟಗಳ ನಡುವಿನ ಓಣಿಯಂತಿದೆ. ನೈಋತ್ಯ ಮಾರುತ ಘಟ್ಟವನ್ನು ದಾಟಿ ಈ ಓಣಿಗೆ ನುಗ್ಗಿದಾಗ ಅದರ ವೇಗ ಹೆಚ್ಚುತ್ತದೆ. ತಮಿಳುನಾಡಿನಲ್ಲಿ ಗಾಳಿಗೆ ಹೆಸರಾದ ಕಣಿವೆದಾರಿಗಳನ್ನು ಹೇಳುವಾಗ ಪಾಲಕ್ಕಾಡು, ಶೆಂಗೋಟ್ಟೈ, ಆರಲ್ವಾಯ್‌ಮೊಳಿಗಳ ಜೊತೆಗೆ ಕಂಬಂ ಹೆಸರನ್ನೂ ಹೇಳುತ್ತಾರೆ. ತೇನಿ ಜಿಲ್ಲೆಯಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಇದೇ ಕಾರಣಕ್ಕೆ. ವಿದ್ಯುತ್ ಕೊಡುವ ಗಾಳಿಯೇ ಮಾಡನ್ನೂ ಎತ್ತುತ್ತದೆ. ಇದಲ್ಲದೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಗುಡುಗಿನ ಜೊತೆ ಬರುವ ಸುಳಿಗಾಳಿಯಿದೆ. ಅದು ಹತ್ತು ನಿಮಿಷ ಬೀಸಿದರೂ ಬಾಳೆತೋಟ ಮಲಗುತ್ತದೆ.

ಕಡಲಿನಿಂದ ದೂರವಿರುವ ನಮಗೆ ಚಂಡಮಾರುತದ ಭಯವಿಲ್ಲ ಎಂದುಕೊಳ್ಳುವುದೂ ತಪ್ಪು. 2018ರ ನವೆಂಬರ್ 16ರಂದು ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ದಡಕ್ಕೆ ಬಡಿದ ಗಜ ಚಂಡಮಾರುತ ಅಲ್ಲಿಯೇ ನಿಲ್ಲಲಿಲ್ಲ. ದುರ್ಬಲಗೊಳ್ಳುತ್ತಾ ದಿಂಡಿಗಲ್ ಕಡೆಯಿಂದ ಹಾದು ಕೇರಳದತ್ತ ಹೋಯಿತು.

ಗಾಳಿ ಮಾಡನ್ನು ಕೆಡವುವ ರೀತಿಯನ್ನು ತಿಳಿದಿರುವುದು ಒಳ್ಳೆಯದು. ಗಾಳಿ ಮಾಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಇಳಿಜಾರಿನ ಮೇಲೆ ವೇಗವಾಗಿ ಹಾಯುವಾಗ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಮನೆಯೊಳಗಿನ ಗಾಳಿ ಹೆಂಚನ್ನು ಮೇಲಕ್ಕೆ ದೂಡುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಮಡಿಯಾಗುತ್ತದೆ. ಮೊದಲು ಏಳುವುದು ಸೂರಿನ ಅಂಚು, ಮೂಲೆ ಮತ್ತು ನೆತ್ತಿಯ ಸಾಲು. ಗಾಳಿಗೆ ಎದುರಾದ ಕಿಟಕಿ ಬಾಗಿಲು ತೆರೆದಿದ್ದರೆ ಒಳಗಿನ ಒತ್ತಡ ಇನ್ನೂ ಏರುತ್ತದೆ. ಈ ತಿಳಿವಳಿಕೆಯಿಂದ ಎರಡು ಲಾಭಗಳಿವೆ. ಗಾಳಿಯ ದಿನ ಕಿಟಕಿ ಮುಚ್ಚುತ್ತೀರಿ. ಮರುದಿನ ಪರಿಶೀಲನೆಗೆ ಬಂದವರಿಗೆ, ಅಂಚಿನ ಹೆಂಚುಗಳು ಹಾರಿ ಅಂಗಳದಾಚೆ ಬಿದ್ದಿರುವುದನ್ನು ಗಾಳಿಯ ಗುರುತಾಗಿ ತೋರಿಸುತ್ತೀರಿ.

ನಿಮ್ಮಲ್ಲಿರುವುದು ಯಾವ ವಿಮೆ?

“ಬ್ಯಾಂಕಿನಲ್ಲಿ ವಿಮೆಗೆ ಹಣ ಹಿಡಿಯುತ್ತಾರೆ ಸ್ವಾಮಿ, ನಮಗೂ ಬರುತ್ತದೆ ಅಲ್ಲವೇ?” ಎಂದು ಹಲವರು ಕೇಳುತ್ತಾರೆ. ಪಾಸ್‌ಬುಕ್ಕನ್ನು ತೆರೆದು ನೋಡಿ. ವರ್ಷಕ್ಕೊಮ್ಮೆ ರೂ. 436 ಕಳೆದಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ, ಅಂದರೆ ಜೀವ ವಿಮೆ. ರೂ. 20 ಕಳೆದಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ, ಅಂದರೆ ಅಪಘಾತ ವಿಮೆ. ಎರಡೂ ಒಳ್ಳೆಯ ಯೋಜನೆಗಳು, ಬಿಡಬೇಡಿ. ಆದರೆ ಅವುಗಳಿಂದ ಒಂದು ಹೆಂಚಿಗೂ ಹಣ ಬರುವುದಿಲ್ಲ. ಬೆಳೆ ವಿಮೆಯೂ ಹಾಗೆಯೇ: ಅದು ಹೊಲದ ಬೆಳೆಗೆ, ಮನೆಗಲ್ಲ.

ಸರ್ಕಾರದ ಪ್ರಕೃತಿ ವಿಕೋಪ ನೆರವು ಇನ್ನೊಂದು. 2022-23ರಿಂದ 2025-26ರವರೆಗಿನ ಕೇಂದ್ರದ ನಿಯಮದಂತೆ, ಕನಿಷ್ಠ ಶೇಕಡ 15ರಷ್ಟು ಹಾನಿಯಾದ ಪಕ್ಕಾ ಮನೆಗೆ ರೂ. 6,500, ಕಚ್ಚಾ ಮನೆಗೆ ರೂ. 4,000, ಹಾಳಾದ ಗುಡಿಸಲಿಗೆ ರೂ. 8,000 ಮತ್ತು ಮನೆಗೆ ಸೇರಿದ ದನದ ಕೊಟ್ಟಿಗೆಗೆ ರೂ. 3,000 ಎಂದು ನಿಗದಿಯಾಗಿತ್ತು. ಕಷ್ಟಕಾಲಕ್ಕೆ ಇದು ಕೈಹಿಡಿಯುವ ನೆರವು. ಆದರೆ ಈ ಮೊತ್ತದಲ್ಲಿ ಮಾಡು ಮತ್ತೆ ಏಳುವುದಿಲ್ಲವೆಂದು ಹೆಂಚು ಹೊದಿಸಿದವರಿಗೆಲ್ಲ ಗೊತ್ತು.

ಮಾಡಿಗೆ ಹಣ ಕೊಡುವುದು ಮನೆಯ ವಿಮೆ ಮಾತ್ರ. ಹಿಂದೆ ಇದನ್ನು ಅಗ್ನಿ ವಿಮೆಯ ಹೆಸರಿನಲ್ಲಿ ಮಾರುತ್ತಿದ್ದರು. ಬೆಂಕಿಯ ಜೊತೆಗೆ ಬಿರುಗಾಳಿ, ಪ್ರವಾಹಗಳೂ ಅದರಲ್ಲಿ ಸೇರಿರುತ್ತಿದ್ದವು. 2021ರ ಏಪ್ರಿಲ್ 1ರಿಂದ ದೇಶದ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಆದೇಶಿಸಿತು. ಬೆಂಕಿ, ಸಿಡಿಲು, ಬಿರುಗಾಳಿ, ಚಂಡಮಾರುತ, ಪ್ರವಾಹ, ಭೂಕುಸಿತ, ಮರ ಬಿದ್ದು ಆಗುವ ಹಾನಿ ಎಲ್ಲವೂ ಅದರಲ್ಲಿವೆ. ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕು, ಸೌರ ಫಲಕಗಳನ್ನೂ ಮನೆಯ ಭಾಗವೆಂದೇ ಪರಿಗಣಿಸುತ್ತಾರೆ. ಮನೆಯ ವಿಮಾ ಮೊತ್ತದ ಶೇಕಡ 20ರಷ್ಟು, ಹತ್ತು ಲಕ್ಷ ರೂಪಾಯಿ ಮೀರದಂತೆ, ಮನೆಯೊಳಗಿನ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ.

ಮನೆ ಕಟ್ಟಲು ಸಾಲ ತೆಗೆದವರು ಒಂದು ಕೆಲಸ ಮಾಡಿ. ಸಾಲ ಕೊಡುವಾಗ ಬ್ಯಾಂಕಿನವರು ಅನೇಕ ವೇಳೆ ಮನೆಗೂ ವಿಮೆ ಮಾಡಿಸಿರುತ್ತಾರೆ. ಪಾಲಿಸಿ ಬ್ಯಾಂಕಿನ ಕಡತದಲ್ಲಿರುತ್ತದೆ, ಮನೆಯವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಮ್ಯಾನೇಜರರಲ್ಲಿ ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಅವಧಿ ಮುಗಿದಿದೆಯೇ, ಕಂತು ಕಟ್ಟಿದ್ದಾರೆಯೇ ಎಂದು ನೋಡಿ. ಕಂತು ಸಲ್ಲುವ ತನಕ ರಕ್ಷಣೆ ಆರಂಭವಾಗುವುದಿಲ್ಲ ಎಂಬುದು ನಮ್ಮ ದೇಶದ ವಿಮಾ ಕಾನೂನು.

ಜಗಳ ಎಲ್ಲಿ ಹುಟ್ಟುತ್ತದೆ?

ನನ್ನ ಬಳಿಗೆ ಬಂದ ಪತ್ರಗಳನ್ನು ಓದಿದಾಗ, ತಕರಾರುಗಳು ಸಾಮಾನ್ಯವಾಗಿ ಐದು ಬಗೆಯವೆಂದು ಕಂಡಿತು.

ಮೊದಲನೆಯದು, ಮೇಲೆ ಹೇಳಿದ ಹಳೆಯತನ. ಯಾವ ಪಾಲಿಸಿಯೂ ಸವೆತಕ್ಕೆ ಹಣ ಕೊಡುವುದಿಲ್ಲ, ಕೊಡಬೇಕಾದದ್ದೂ ಅಲ್ಲ. ಗೆದ್ದಲು ತಿಂದ ರೀಪರು, ತುಕ್ಕು ಹಿಡಿದ ಮೊಳೆ, ವರ್ಷಗಳಿಂದ ಬಿರುಕುಬಿಟ್ಟ ಶೀಟು, ಇವು ಗಾಳಿಯ ಲೆಕ್ಕಕ್ಕೆ ಬರುವುದಿಲ್ಲ. ಅನುಭವಿಗಳು ಒಡೆದ ಹೆಂಚಿನ ಬಾಯಿಯನ್ನು ನೋಡಿಯೇ ಹೇಳಿಬಿಡುತ್ತಾರೆ. ಹೊಸದಾಗಿ ಒಡೆದದ್ದು ಕೆಂಪಗೆ ಶುದ್ಧವಾಗಿರುತ್ತದೆ, ಹಳೆಯ ಬಿರುಕಿನಲ್ಲಿ ಪಾಚಿಯೂ ಮಸಿಯೂ ಕೂತಿರುತ್ತದೆ.

ಎರಡನೆಯದು, ‘ಬಿರುಗಾಳಿ’ ಎಂಬ ಪದ. ಆ ದಿನ ಹವಾಮಾನ ಕೇಂದ್ರದಲ್ಲಿ ಹೆಚ್ಚಿನ ಗಾಳಿ ದಾಖಲಾಗಿಲ್ಲ ಎಂದು ಕಂಪನಿ ಹೇಳಬಹುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಂಟೆಗೆ 63ರಿಂದ 88 ಕಿ.ಮೀ. ವೇಗದ ಗಾಳಿಯಿದ್ದರೆ ಅದು ಚಂಡಮಾರುತ. ಆದರೆ ಸುಳಿಗಾಳಿ ಒಂದು ಊರನ್ನು ಹೊಡೆದು ಪಕ್ಕದ ಊರನ್ನು ಮುಟ್ಟದೆ ಹೋಗಬಹುದು, ಮಾಪನ ಕೇಂದ್ರವಂತೂ ಮೈಲಿಗಟ್ಟಲೆ ದೂರದಲ್ಲಿರುತ್ತದೆ. ಭಾರತ್ ಗೃಹ ರಕ್ಷಾ ಪಾಲಿಸಿಯ ಅಪಾಯಗಳ ಪಟ್ಟಿಯಲ್ಲಿ ಬಿರುಗಾಳಿಯ ಹೆಸರಿದೆ, ಇಷ್ಟೇ ವೇಗವಿರಬೇಕೆಂಬ ಸಂಖ್ಯೆ ಇಲ್ಲ. ಅಕ್ಕಪಕ್ಕದ ಮನೆಗಳ ಹಾನಿ, ಬುಡಸಮೇತ ಬಿದ್ದ ಮರ, ವಾಲಿದ ವಿದ್ಯುತ್ ಕಂಬ, ಮರುದಿನದ ಪತ್ರಿಕೆಯ ಸುದ್ದಿ, ವಿ.ಎ.ಓ. ಬರೆದುಕೊಂಡ ವರದಿ, ಇವೆಲ್ಲ ಸಾಕ್ಷಿಗಳೇ.

ಮೂರನೆಯದು, ಕಡಿಮೆ ಮೊತ್ತಕ್ಕೆ ಮಾಡಿಸಿದ ವಿಮೆ. ಹಳೆಯ ಬಗೆಯ ಅಗ್ನಿ ಪಾಲಿಸಿಗಳಲ್ಲಿ ಒಂದು ಲೆಕ್ಕವಿದೆ. ಮತ್ತೆ ಕಟ್ಟಲು ಹತ್ತು ಲಕ್ಷ ಬೇಕಾಗುವ ಮನೆಗೆ, ಕಂತು ಉಳಿಯಲೆಂದು ಐದು ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಎನ್ನೋಣ. ಗಾಳಿಗೆ 80,000 ರೂಪಾಯಿ ಹಾನಿಯಾಯಿತು. ಐದು ಲಕ್ಷದ ಪಾಲಿಸಿಯಲ್ಲಿ 80,000 ಪೂರ್ತಿ ಸಿಗಬೇಕಲ್ಲವೇ ಎಂದು ನೀವು ಕೇಳುತ್ತೀರಿ. ಅರ್ಧ ಬೆಲೆಗೆ ವಿಮೆ ಮಾಡಿಸಿದ್ದರಿಂದ ಅರ್ಧವೇ, ಅಂದರೆ 40,000 ಎಂದು ಅವರು ಹೇಳುತ್ತಾರೆ. ಅದರ ಮೇಲೆ ಹಳೆಯ ವಸ್ತುವೆಂದು ಸವಕಳಿಯನ್ನೂ ಕಳೆಯುತ್ತಾರೆ. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಅರ್ಧದ ಲೆಕ್ಕವನ್ನು ತೆಗೆದುಹಾಕಿದ್ದಾರೆ, ಕಟ್ಟಡಕ್ಕೆ ಹೊಸದಾಗಿ ಕಟ್ಟುವ ಖರ್ಚನ್ನೇ ಆಧಾರವಾಗಿಟ್ಟಿದ್ದಾರೆ. ಹಾಗಿದ್ದರೂ ಮನೆಯ ಅಳತೆಯನ್ನೂ ಮಾಡಿನ ಬಗೆಯನ್ನೂ ಅರ್ಜಿಯಲ್ಲಿ ನಿಜವಾಗಿಯೇ ಬರೆಯಬೇಕು. ಗರಿಯ ಮಾಡನ್ನು ಹೆಂಚಿನ ಮಾಡೆಂದು ಬರೆದರೆ, ಗಾಳಿ ಬಂದ ದಿನ ಆ ಸುಳ್ಳು ಹೊರಬೀಳುತ್ತದೆ.

ನಾಲ್ಕನೆಯದು, ಹೆಸರು. ಇದು ನಮ್ಮ ರೈತ ಮನೆತನಗಳಲ್ಲಿ ಬಹಳ. ಪಟ್ಟಾ ತೀರಿಹೋದ ಅಜ್ಜನ ಹೆಸರಿನಲ್ಲಿ, ಮನೆ ತೆರಿಗೆ ಅಣ್ಣನ ಹೆಸರಿನಲ್ಲಿ, ಪಾಲಿಸಿ ತಮ್ಮನ ಹೆಸರಿನಲ್ಲಿ. ಗಾಳಿ ಬಂದಾಗ ಮೂವರೂ ಒಂದೇ ಮಾಡಿನ ಕೆಳಗೆ ನೆನೆಯುತ್ತಾರೆ, ಆದರೆ ಹಣ ಯಾರಿಗೆ ಸೇರಬೇಕೆಂದು ಕಾಗದಕ್ಕೆ ತಿಳಿಯುವುದಿಲ್ಲ. ಪಾಲು ಮತ್ತು ವಾರಸಿನ ಪತ್ರಗಳನ್ನು ಬದುಕಿರುವಾಗ, ಪ್ರೀತಿಯಿರುವಾಗ ಸರಿಪಡಿಸಿಕೊಳ್ಳಿ.

ಐದನೆಯದು, ತಡ. ಕಟಾವು ಮುಗಿಯಲಿ, ಹಬ್ಬ ಕಳೆಯಲಿ ಎಂದು ಎರಡು ವಾರ ಬಿಟ್ಟು ತಿಳಿಸಿದರೆ, ಅಷ್ಟರಲ್ಲಿ ಒಡೆದ ಹೆಂಚನ್ನು ಎತ್ತಿ ಎಸೆದಿರುತ್ತೇವೆ, ಮಳೆ ಗುರುತುಗಳನ್ನು ತೊಳೆದಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ.

ಗಾಳಿಯ ಮರುದಿನ: ಮೊದಲು ಜೀವ, ಆಮೇಲೆ ಹೆಂಚು

ಈ ಅಂಕಣ ಆರೋಗ್ಯದ್ದೂ ಹೌದು. ಆದ್ದರಿಂದ ಪರಿಹಾರದ ಮಾತಿಗಿಂತ ಮೊದಲು ಕೆಲವು ಎಚ್ಚರಿಕೆಗಳು.

ಬಿದ್ದ ವಿದ್ಯುತ್ ತಂತಿಯನ್ನು ಸತ್ತ ತಂತಿಯೆಂದು ನಂಬಬೇಡಿ. ಮಕ್ಕಳನ್ನೂ ದನಗಳನ್ನೂ ದೂರವಿಟ್ಟು ವಿದ್ಯುತ್ ಕಚೇರಿಗೆ ತಿಳಿಸಿ. ಮಾಡು ಹಾರಿದ ಮನೆಯಲ್ಲಿ ಮೈನ್ ಸ್ವಿಚ್ ಆರಿಸಿ. ಒದ್ದೆ ಮಾಡಿನ ಮೇಲೆ ಅದೇ ದಿನ ಹತ್ತಬೇಡಿ. ಸಿಮೆಂಟ್ ಶೀಟು ಮೇಲೆ ಗಟ್ಟಿಯಾಗಿ ಕಂಡರೂ ಕಾಲಿನ ಕೆಳಗೆ ಒಮ್ಮೆಲೇ ಮುರಿಯುತ್ತದೆ. ಹತ್ತಲೇಬೇಕಾದರೆ ಅಡ್ಡಹಲಗೆ ಹಾಕಿ, ಕೆಳಗೆ ಒಬ್ಬರನ್ನು ನಿಲ್ಲಿಸಿ.

ನಮ್ಮ ಕಡೆ ಕೊಟ್ಟಿಗೆಗೂ ಮನೆಗೂ ಹೊದಿಸಿರುವ ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಅದು ಒಡೆದಾಗ ಏಳುವ ಸಣ್ಣ ನಾರುಗಳು ಶ್ವಾಸಕೋಶಕ್ಕೆ ಸೇರಿದರೆ ಹತ್ತಾರು ವರ್ಷಗಳ ನಂತರವೂ ಕ್ಯಾನ್ಸರ್ ತರಬಲ್ಲವು. ಎಲ್ಲಾ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಚೂರುಗಳನ್ನು ಒಣಗಿದಂತೆಯೇ ಗುಡಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಪಿ-100 ಮಾಸ್ಕ್ ಹಾಕಿಕೊಂಡು ಕೈಯಿಂದ ಎತ್ತಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಸುತ್ತಿಗೆಯಿಂದ ಕುಟ್ಟಬೇಡಿ, ಗರಗಸದಿಂದ ಕೊಯ್ಯಬೇಡಿ. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.

ತುಕ್ಕುಮೊಳೆ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿಗಾಗಿ ಅಂದೇ ಆಸ್ಪತ್ರೆಗೆ ಹೋಗಿ. ಮಾಡಿಗೆ ಹೊದಿಸಿದ ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರನ್ನು ದಿನವೂ ಚೆಲ್ಲಿ, ಡೆಂಗಿ ಸೊಳ್ಳೆ ಹುಟ್ಟುವುದು ಅಂಥ ಶುದ್ಧ ನೀರಿನಲ್ಲಿಯೇ.

ಈಗ ಪರಿಹಾರದ ಕೆಲಸ. ಏನನ್ನೂ ಕದಲಿಸುವ ಮೊದಲು ಫೋನಿನಲ್ಲಿ ಚಿತ್ರ ತೆಗೆಯಿರಿ: ದೂರದಿಂದ ಇಡೀ ಮನೆ, ಹತ್ತಿರದಿಂದ ಒಡೆದ ಭಾಗ, ಒಳಗಿನಿಂದ ಆಕಾಶ ಕಾಣುವ ತೂತು, ಅಂಗಳಕ್ಕೆ ಬಿದ್ದ ಹೆಂಚು, ಪಕ್ಕದ ಬಿದ್ದ ಮರ. ಅಂದೇ ಕಂಪನಿಗೆ ಫೋನ್ ಮಾಡಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ, ಜೊತೆಗೆ ಲಿಖಿತವಾಗಿಯೂ ತಿಳಿಸಿ. ವಿ.ಎ.ಓ. ಅವರಿಗೆ ಅರ್ಜಿ ಕೊಟ್ಟು ಪ್ರತಿಯಲ್ಲಿ ಸಹಿ ಪಡೆಯಿರಿ. ಮಳೆ ಒಳಗೆ ಬರದಂತೆ ಟಾರ್ಪಾಲು ಹೊದಿಸುವುದಕ್ಕೆ ಯಾರ ಅನುಮತಿಯೂ ಬೇಡ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರನ ಕರ್ತವ್ಯವೇ. ಅದರ ರಶೀದಿ ಇಟ್ಟುಕೊಳ್ಳಿ. ಆದರೆ ಸರ್ವೇಯರ್ ನೋಡುವ ತನಕ ಒಡೆದ ಹೆಂಚುಗಳನ್ನು ಎಸೆಯಬೇಡಿ, ಒಂದು ಮೂಲೆಯಲ್ಲಿ ರಾಶಿ ಹಾಕಿಡಿ.

ಸರ್ವೇಯರ್ ಬಂದಾಗ

2024ರಲ್ಲಿ ವಿಮಾ ಪ್ರಾಧಿಕಾರ ಹೊರಡಿಸಿದ ನಿಯಮಗಳ ಪ್ರಕಾರ, ಹಾನಿಯ ವಿಷಯ ತಿಳಿಸಿದ 24 ಗಂಟೆಗಳಲ್ಲಿ ಸರ್ವೇಯರರನ್ನು ಗೊತ್ತುಪಡಿಸಬೇಕು. ಅವರ ವರದಿ ಕೈಸೇರಿದ 7 ದಿನಗಳಲ್ಲಿ ಕಂಪನಿ ತೀರ್ಮಾನಿಸಬೇಕು. ಆದ್ದರಿಂದ ತಿಂಗಳುಗಟ್ಟಲೆ ಉತ್ತರವಿಲ್ಲದಿದ್ದರೆ ಅದನ್ನು ವಿಧಿಯೆಂದು ಸಹಿಸಬೇಕಾಗಿಲ್ಲ.

ಅವರು ಬಂದಾಗ ಮನೆಯ ಹಿರಿಯರೊಬ್ಬರು ಜೊತೆಗಿರಲಿ, ಓದುಬಲ್ಲ ಮಗನೋ ಮಗಳೋ ಇರಲಿ. ಬಡಗಿಯಿಂದ ಅಥವಾ ಮೇಸ್ತ್ರಿಯಿಂದ ಬರೆಸಿದ ಖರ್ಚಿನ ಅಂದಾಜುಪಟ್ಟಿಯನ್ನು ಕೊಡಿ: ಇಷ್ಟು ಹೆಂಚು, ಇಷ್ಟು ರೀಪರು, ಇಷ್ಟು ಆಳು ಎಂದು ಬಿಡಿಬಿಡಿಯಾಗಿ. ವರದಿಯ ಪ್ರತಿಯನ್ನು ಕೇಳಿ. ಸರ್ವೇಯರರ ಮಾತೇ ಕೊನೆಯ ಮಾತಲ್ಲ. 2009ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸರ್ವೇಯರರ ವರದಿ ಮುಖ್ಯವಾದದ್ದಾದರೂ ಮೀರಲಾಗದ್ದಲ್ಲ ಎಂದು ಹೇಳಿದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ನಮ್ಮ ಸಭಾಂಗಣದ ಶೀಟುಗಳು ಗಾಳಿಗೆ ಹೋದವು. ಪರಿಹಾರದ ಚೀಟಿಯನ್ನು ತಂದವರು ಸಹಿಯ ಜಾಗವನ್ನು ತೋರಿಸಿದರು. ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿದ ನಾನು ಒಂದು ಪುಟವನ್ನು ಓದದೆ ಸಹಿ ಮಾಡಿದೆ. “ಇದೇ ಪೂರ್ತಿ ಮತ್ತು ಅಂತಿಮ ಮೊತ್ತವೆಂದು ಒಪ್ಪಿದ್ದೇನೆ” ಎಂದು ಅದರಲ್ಲಿತ್ತು. ಬಂದ ಹಣ ಖರ್ಚಿನ ಅರ್ಧಕ್ಕೂ ಸಾಲಲಿಲ್ಲ. ಉಳಿದದ್ದನ್ನು ಕೂಲಿ ಮಾಡುವ ಜನ ಐವತ್ತು ನೂರು ಕೊಟ್ಟು ತುಂಬಿಸಿದರು. ಆ ನಾಚಿಕೆ ನನಗೆ ಇನ್ನೂ ಇದೆ. ಮೋಸದಿಂದಲೋ ಒತ್ತಾಯದಿಂದಲೋ ತಪ್ಪು ತಿಳಿವಳಿಕೆ ಕೊಟ್ಟೋ ಪಡೆದ ಅಂಥ ಸಹಿ ಹಕ್ಕನ್ನು ಕಳೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ಹೇಳಿದೆ. ಆದರೆ ಅದನ್ನು ಸಾಬೀತು ಮಾಡುವ ಹೊರೆ ಸಹಿ ಹಾಕಿದವರದು. ನನ್ನನ್ನಂತೂ ಯಾರೂ ಒತ್ತಾಯಿಸಿರಲಿಲ್ಲ. ಮೊತ್ತ ಒಪ್ಪಿಗೆಯಿಲ್ಲದಿದ್ದರೆ, “ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ” ಎಂದು ಬರೆದು ಸಹಿ ಮಾಡಿ.

ನಮ್ಮ ಕಷ್ಟ ಇನ್ನೊಂದಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಪಾಲಿಸಿಯಲ್ಲಿ ಇಂಗ್ಲಿಷ್. ಪಾಲಿಸಿಯ ಮುಖ್ಯ ಅಂಶಗಳ ಮಾಹಿತಿಪತ್ರವನ್ನು ಸ್ಥಳೀಯ ಭಾಷೆಯಲ್ಲಿ ಕೇಳಿ ಪಡೆಯುವ ಹಕ್ಕು ನಮಗಿದೆ. ಅದನ್ನು ಕೇಳಲು ಸಂಕೋಚ ಬೇಡ. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ವಿನಯವಲ್ಲ.

“ಇಲ್ಲ” ಎಂದು ಪತ್ರ ಬಂದರೆ

ಆ ಪತ್ರವನ್ನು ಹರಿದು ಹಾಕಬೇಡಿ. ಮುಂದಿನ ದಾರಿ ಶುರುವಾಗುವುದು ಅದರಿಂದಲೇ.

ಮೊದಲು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಅವರು ಹೇಳಿದ ಪ್ರತಿ ಕಾರಣಕ್ಕೂ ಒಂದೊಂದು ಸಾಕ್ಷಿಯನ್ನು ಲಗತ್ತಿಸಿ. ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯಲ್ಲಿಯೂ ದೂರು ದಾಖಲಿಸಬಹುದು, ಅದರ ಉಚಿತ ದೂರವಾಣಿ 155255.

ಎರಡನೆಯದಾಗಿ, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಿ. ತಮಿಳುನಾಡಿಗೆ ಅವರ ಕಚೇರಿ ಚೆನ್ನೈನಲ್ಲಿ, ಕರ್ನಾಟಕದ ನೆಂಟರಿಗೆ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. 2023ರ ತಿದ್ದುಪಡಿಯ ನಂತರ 50 ಲಕ್ಷ ರೂಪಾಯಿವರೆಗಿನ ಪರಿಹಾರದ ದೂರುಗಳನ್ನು ಅವರು ಕೇಳಬಲ್ಲರು. ಅವರ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು.

ಮೂರನೆಯದು ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ನಮಗೆ ತೇನಿಯಲ್ಲಿ ಜಿಲ್ಲಾ ಆಯೋಗವಿದೆ. ಅವಧಿ ಎರಡು ವರ್ಷ. ಗ್ರಾಹಕ ಆಯೋಗದಲ್ಲಿ ಅದೇ ವಿಷಯ ನಡೆಯುತ್ತಿದ್ದರೆ ಓಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಖರ್ಚಿಲ್ಲದ ದಾರಿಯನ್ನು ಮೊದಲು ಹಿಡಿಯುವುದು ಜಾಣತನ.

ರೈತರಿಗೆ ಅಲ್ಲಿ ನ್ಯಾಯ ಸಿಗುತ್ತದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ. 2014ರ ಜನವರಿಯಲ್ಲಿ ಕರ್ನಾಟಕದ ಒಂದು ಶೀತಲ ಗೋದಾಮು ಸುಟ್ಟು, ರೈತರು ಅದರಲ್ಲಿಟ್ಟಿದ್ದ ಫಸಲು ಹಾಳಾಯಿತು. ರೈತರೊಂದಿಗೆ ತಮ್ಮ ಕರಾರೇ ಇಲ್ಲವೆಂದು ವಿಮಾ ಕಂಪನಿ ವಾದಿಸಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯ ಆ ರೈತರನ್ನು ಗ್ರಾಹಕರೆಂದೇ ಪರಿಗಣಿಸಿ ಅವರ ಪರ ತೀರ್ಪು ಕೊಟ್ಟಿತು. ಆರು ವರ್ಷ ಹಿಡಿಯಿತು, ನಿಜ. ಆದರೆ ಒಬ್ಬೊಬ್ಬರೇ ನಿಂತಿದ್ದರೆ ಅಷ್ಟು ದೂರ ಹೋಗುವುದು ಕಷ್ಟವಿತ್ತು.

ಆ ತಾಯಿಯ ಮನೆ

ಮೇಲೆ ಹೇಳಿದ ತಾಯಿಯ ಕಡೆಗೆ ಮರಳೋಣ. ಮಾಡು ಹಳೆಯದಾಗಿತ್ತೆಂಬ ಮಾತಿಗೆ ಉತ್ತರ ಎಲ್ಲಿಂದ ತರುವುದು? ಗಾಳಿಗೆ ಮೊದಲಿನ ಮಾಡಿನ ಚಿತ್ರ ಇದೆಯೇ ಎಂದು ಕೇಳಿದೆ. ಮಾಡಿನ ಚಿತ್ರವನ್ನು ಯಾರು ತೆಗೆಯುತ್ತಾರೆ ಸ್ವಾಮಿ ಎಂದು ನಕ್ಕರು. ಆದರೆ ಮೊಮ್ಮಗಳ ಪ್ರಥಮ ಪರಮಪ್ರಸಾದದ ದಿನ ಮನೆಯ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಚಿತ್ರವಿತ್ತು. ಬಿಳಿ ಬಟ್ಟೆ ತೊಟ್ಟ ಮಗುವಿನ ತಲೆಯ ಹಿಂದೆ ಹೆಂಚುಗಳು ಸಾಲುಸಾಲಾಗಿ, ಒಂದೂ ಜಾರದೆ ಕಾಣುತ್ತಿದ್ದವು. ಫೋನಿನಲ್ಲಿ ತಾರೀಖೂ ಇತ್ತು: ಗಾಳಿಗೆ ಐದು ವಾರ ಮೊದಲು. ಆ ಚಿತ್ರವನ್ನೂ ನೆರೆಯ ಎರಡು ಮನೆಗಳ ಹಾನಿಯ ಚಿತ್ರವನ್ನೂ ವಿ.ಎ.ಓ. ವರದಿಯನ್ನೂ ಸೇರಿಸಿ ದೂರು ಬರೆದೆವು.

ಬರೆಯುವಾಗ ಮನೆಯ ಹಿಂಬದಿಯ ಅಡುಗೆಕೋಣೆಯ ಮಾಡನ್ನೂ ಸೇರಿಸಲು ಹೊರಟೆ. ಅವರು ಕೈ ಅಡ್ಡ ತಂದರು. “ಅದು ಬೇಡ ಸ್ವಾಮಿ. ಅಲ್ಲಿನ ರೀಪರಿಗೆ ಗೆದ್ದಲು ಹಿಡಿದು ಎರಡು ವರ್ಷವಾಯಿತು. ಗಾಳಿ ಬಾರದಿದ್ದರೂ ಬೀಳುತ್ತಿತ್ತು.” ಬರೆಯುತ್ತಿದ್ದ ನನ್ನ ಕೈ ನಿಂತಿತು. ಹಿಂಬದಿಯ ಮಾಡಿನ ಹಾನಿ ಹಳೆಯತನದಿಂದ ಆದದ್ದೆಂದು ನಾವೇ ದೂರಿನಲ್ಲಿ ಬರೆದೆವು. ಎರಡು ತಿಂಗಳ ನಂತರ ಮುಂಭಾಗದ ಮಾಡಿನ ಹಣ ಬಂತು, ಓಂಬುಡ್ಸ್‌ಮನ್ ತನಕ ಹೋಗಬೇಕಾಗಲಿಲ್ಲ. ಸುಳ್ಳಿಲ್ಲದ ದೂರು ಗಟ್ಟಿಯಾಗಿ ನಿಲ್ಲುತ್ತದೆಂಬುದನ್ನು ನಾನು ಅವರಿಂದ ಕಲಿತೆ. ನಾಲ್ಕು ಹೆಂಚಿನ ಜಾಗದಲ್ಲಿ ನಲವತ್ತು ಬರೆದರೆ, ಪತ್ತೆಯಾದ ದಿನ ಆ ನಾಲ್ಕನ್ನೂ ನಂಬುವವರಿಲ್ಲ. ನಾವು ಹೇಳುವ ಸುಳ್ಳಿನಿಂದ ನಮ್ಮ ನೆರೆಯವನ ನಿಜವನ್ನೂ ಸಂಶಯದಿಂದ ನೋಡುತ್ತಾರೆ.

ಮಳೆಗಾಲಕ್ಕೆ ಮೊದಲು

ಕೊನೆಯದಾಗಿ ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸಗಳು. ಬೇಸಿಗೆ ಮುಗಿಯುವ ಮೊದಲು ಒಂದು ದಿನ ಇಟ್ಟುಕೊಳ್ಳಿ.

1. ಸೂರಿನ ಅಂಚಿನ ಎರಡು ಸಾಲು ಹೆಂಚುಗಳನ್ನು ತಂತಿಯಿಂದ ರೀಪರಿಗೆ ಕಟ್ಟಿಸಿ. ಶೀಟುಗಳ ಕೊಕ್ಕೆ ಬೋಲ್ಟುಗಳನ್ನು ಬಿಗಿಗೊಳಿಸಿ, ತುಕ್ಕು ಹಿಡಿದವನ್ನು ಬದಲಿಸಿ.

2. ಗೆದ್ದಲು ಹಿಡಿದ ಮರವನ್ನು ತೆಗೆಸಿ. ಬಡಗಿಗೆ ಕೊಟ್ಟ ಹಣಕ್ಕೂ ಅಂಗಡಿಯ ಸಾಮಾನಿಗೂ ರಶೀದಿ ಪಡೆಯಿರಿ. ಮಾಡನ್ನು ಸರಿಯಾಗಿ ನೋಡಿಕೊಂಡಿದ್ದಕ್ಕೆ ಆ ರಶೀದಿಯೇ ಸಾಕ್ಷಿ.

3. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಿ.

4. ಮನೆಯ ನಾಲ್ಕು ಬದಿಯಿಂದಲೂ ಒಳಗಿನಿಂದಲೂ ಮಾಡಿನ ಚಿತ್ರ ತೆಗೆದು, ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿಡಿ. ನಿಮ್ಮ ಫೋನು ನೀರಿಗೆ ಬಿದ್ದರೂ ಚಿತ್ರ ಉಳಿಯುತ್ತದೆ.

5. ಪಾಲಿಸಿಯ ಕೊನೆಯ ದಿನಾಂಕ, ಹೆಸರು, ಅಳತೆ, ಮೊತ್ತ, ಈ ನಾಲ್ಕನ್ನು ಓದಿ ನೋಡಿ. ಕೊಟ್ಟಿಗೆಯಾಗಲೀ ಪಂಪ್‌ಸೆಟ್ ಕೋಣೆಯಾಗಲೀ ಸೇರಬೇಕಾದರೆ ಕೇಳಿ ಬರೆಸಿಕೊಳ್ಳಿ.

ಈ ತಿಂಗಳ ಎಲ್ಲಾ ಭಾನುವಾರಗಳಲ್ಲಿ ಪೂಜೆಯ ನಂತರ ನಮ್ಮ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲ ಇಬ್ಬರು ಯುವಕರು ಕುಳಿತಿರುತ್ತಾರೆ. ನಿಮ್ಮ ಪಾಲಿಸಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ತನ್ನಿ. ಓದಿ ಕನ್ನಡದಲ್ಲಿ ಹೇಳುತ್ತಾರೆ. ವಿಮೆ ಇಲ್ಲವೆಂದು ತಿಳಿದರೂ ಗಾಳಿಗೆ ಮೊದಲು ತಿಳಿದದ್ದೇ ಲಾಭ.

ಬಾಳೆಗೆ ಗಳ ಕೊಟ್ಟು ಬಂದ ಕೈಯಲ್ಲೇ ಮನೆಯ ಸೂರನ್ನೂ ಒಮ್ಮೆ ಮುಟ್ಟಿ ನೋಡಿ.